ಒಸಡಿನ ಒಕ್ಕಲು

ಲ್ಯಾಬಿನ ಫ್ರಿಜ್ಜಿನ ಪ್ಲಗ್ಗನ್ನು ಯಾರೋ ಕಿತ್ತು, ಅಲ್ಲಿ ತಮ್ಮ ಫೋನಿನ ಚಾರ್ಜರ್ ಸಿಕ್ಕಿಸಿ ಹೋಗಿದ್ದರು. ಯಾರೆಂದು ಇವತ್ತಿನವರೆಗೂ ಯಾರೂ ಒಪ್ಪಿಕೊಂಡಿಲ್ಲ. ಒಪ್ಪಿಕೊಳ್ಳುವಷ್ಟು ಮರ್ಯಾದೆ ಇದ್ದವರು ಕೀಳುತ್ತಲೂ ಇರಲಿಲ್ಲ, ಬಿಡಿ.

ಅಬ್ದೋನ್ ತೆನೆಸಾಕ ಬೆಳಿಗ್ಗೆ ಆ ಫ್ರಿಜ್ಜಿನ ಬಾಗಿಲು ತೆಗೆದಾಗ ಒಳಗಿನಿಂದ ಬೆಚ್ಚಗಿನ ಗಾಳಿ ಬಂದು ಮುಖಕ್ಕೆ ತಾಗಿತು, ನೆಗಡಿಯಾದ ಎತ್ತು ಉಸಿರು ಬಿಟ್ಟ ಹಾಗೆ. ಅವನ ಕೈಯಲ್ಲಿ ಒಂದು ಬಾಟಲಿ ಇತ್ತು. ಬಾಟಲಿಯಲ್ಲಿ ಕುರಿಯ ರಕ್ತ. ಬೆಳಕು ಹರಿಯುವ ಮೊದಲೇ ಎದ್ದು ರಿಯೊಬಾಂಬದ ಕಸಾಯಿಖಾನೆಗೆ ಹೋಗಿ, ಹೆಪ್ಪುಗಟ್ಟದಿರಲೆಂದು ಅದನ್ನು ಗಾಜಿನ ಮಣಿಗಳ ಜೊತೆ ಬಸ್ಸಿನುದ್ದಕ್ಕೂ ಕುಲುಕಿಸಿಕೊಂಡು ಬಂದಿದ್ದ. ಪಕ್ಕದಲ್ಲಿ ಕೂತ ಹೆಂಗಸು ಶಿಲುಬೆಯ ಗುರುತು ಮಾಡಿಕೊಂಡು ಬೇರೆ ಸೀಟಿಗೆ ಹೋಗಿದ್ದಳು.

ಅವನು ದಂತವೈದ್ಯ ಕಾಲೇಜಿನ ಲ್ಯಾಬಿನಲ್ಲಿ ಸಹಾಯಕ. ಬಾಟಲಿ ತೊಳೆಯುವುದು, ಕ್ರಿಮಿಗಳಿಗೆ ಅಡುಗೆ ಮಾಡುವುದು, ಬೈಸಿಕೊಳ್ಳುವುದು ಅವನ ಕೆಲಸ. ವರ್ಷವರ್ಷವೂ ಗುತ್ತಿಗೆ. ಕಾಯಂ ಆಗಬೇಕೆಂಬ ಅವನ ಆಸೆ ಸಂಬಳಕ್ಕಲ್ಲ, ಹಲ್ಲಿಗಾಗಿ. ಅವನ ಒಸಡುಗಳು ಹುಣ್ಣಾಗಿ ಬಹಳ ಕಾಲವಾಗಿತ್ತು. ಬೆಳಿಗ್ಗೆ ಉಗುಳಿದರೆ ಕೆಂಪು. ಕೆಳಗಿನ ಮುಂದಿನ ಹಲ್ಲುಗಳು ಸಂತೆ ಮುಗಿದ ಮೇಲೆ ಉಳಿದ ಗೂಟಗಳ ಹಾಗೆ ಅಲ್ಲಾಡುತ್ತಿದ್ದವು. ಹುರಿದ ಜೋಳವನ್ನು ಅಗಿಯಲಾಗದೆ ಪೆಪ್ಪರಮಿಂಟಿನ ಹಾಗೆ ಚೀಪಿ ಚೀಪಿ ನುಂಗುತ್ತಿದ್ದ. ಕಾಲೇಜಿನ ನೆಲಮಹಡಿಯಲ್ಲೇ ಹಲ್ಲಿನ ಕ್ಲಿನಿಕ್ ಇತ್ತು. ಆದರೆ ಅಲ್ಲಿ ಹೊರಗಿನ ಜನರಿಗೆ ಚಿಕಿತ್ಸೆ ಉಂಟು, ಕಾಯಂ ನೌಕರರಿಗೆ ಉಂಟು. ಗುತ್ತಿಗೆಯವನು ಹೊರಗಿನವನೂ ಅಲ್ಲ, ಒಳಗಿನವನೂ ಅಲ್ಲ, ಆದ್ದರಿಂದ ಅವನಿಗಿಲ್ಲ. ಈ ನಿಯಮ ಮಾಡಿದ ಮಹಾನುಭಾವನ ಹಲ್ಲುಗಳು ಗಟ್ಟಿಯಾಗಿಯೇ ಇದ್ದಿರಬೇಕು. ಪೇಟೆಯ ಡಾಕ್ಟರ ಹತ್ತಿರ ಹೋದರೆ ಅಬ್ದೋನನ ಸಂಬಳಕ್ಕೆ ಹಲ್ಲು ಉಳಿದರೂ ಅಗಿಯಲು ಏನೂ ಉಳಿಯುತ್ತಿರಲಿಲ್ಲ.

ಇವತ್ತು ಅದೆಲ್ಲ ತೀರ್ಮಾನವಾಗುವ ದಿನ. ರಾಜಧಾನಿ ಕಿತೊದಿಂದ ಸಮಿತಿಯವರು ಬರುವವರಿದ್ದರು. ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಸೊರಾಯ್ದ ಒಸಡಿನ ಒಂದು ಕ್ರಿಮಿಯನ್ನು ಸಾಕಿಕೊಂಡಿದ್ದರು. ಅದನ್ನು ರಕ್ತಕ್ಕೆ ಹಾಕಿದರೆ ಕೆಂಪು ಹೋಗಿ ಕಾಫಿ ಬಣ್ಣವಾಗುತ್ತದೆ. ಅಷ್ಟನ್ನು ಸಮಿತಿಯ ಕಣ್ಣಿಗೆ ತೋರಿಸಿದರೆ ಯೋಜನೆಗೆ ಒಪ್ಪಿಗೆ, ಒಪ್ಪಿಗೆ ಸಿಕ್ಕರೆ ಅಬ್ದೋನ್ ಕಾಯಂ, ಕಾಯಂ ಆದರೆ ಒಸಡು ವಾಸಿ.

ಫೋನು ಹೊಡೆದುಕೊಂಡಿತು. ಡಾಕ್ಟರ್ ಸೊರಾಯ್ದ.

"ರಕ್ತ ತಂದ್ಯಾ ಅಬ್ದೋನ್?"

"ತಂದೆ ಡಾಕ್ಟ್ರೇ."

"ಫ್ರಿಜ್ಜಲ್ಲಿದೆಯಾ?"

"ಇದೆ ಡಾಕ್ಟ್ರೇ." ಬಿಸಿ ಫ್ರಿಜ್ಜನ್ನು ನೋಡಿಕೊಂಡೇ ಹೇಳಿದ.

"ನಾನು ಅವರನ್ನ ಕರ್ಕೊಂಡು ಬರೋಕೆ ಹೊರಟೆ. ಊಟ ಮಾಡಿಸಿ ಮೇಲೆ ಕರ್ಕೊಂಡು ಬರ್ತೀನಿ. ಅಷ್ಟೊತ್ತಿಗೆ ಎರಡು ಟ್ಯೂಬ್ ರೆಡಿ ಇರ್ಬೇಕು. ಕ್ರಿಮಿ ಹಾಕಿದ್ದು ಒಂದು, ಹಾಕದೇ ಇರೋದು ಒಂದು. ಹಾಕಿದ್ದು ಕಾಫಿ, ಹಾಕದ್ದು ಕೆಂಪು. ಏನಾದ್ರೂ ಎಡವಟ್ಟು ಮಾಡಿದ್ಯೋ, ಸೋಮವಾರ ಈ ಕಡೆ ತಲೆ ಹಾಕ್ಬೇಡ."

ಪ್ಲಗ್ ಮತ್ತೆ ಸಿಕ್ಕಿಸಿದರೆ ಫ್ರಿಜ್ಜು ಗುರುಗುಟ್ಟಿತೇ ಹೊರತು ತಣ್ಣಗಾಗುವ ಲಕ್ಷಣ ತೋರಲಿಲ್ಲ. ಅಬ್ದೋನ್ ಬಾಟಲಿ ಹಿಡಿದುಕೊಂಡು ಕ್ಯಾಂಟೀನಿಗೆ ಇಳಿದ. ಅಡುಗೆಯ ದೋನ್ಯಾ ಮೆಚೆ ಸಂತೆಗೆ ಹೋಗಿದ್ದಳು. ಅವಳ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ, ಬಾಗಿಲು ತೆಗೆದರೆ ಮೊದಲು ಕಾಣುವ ಜಾಗದಲ್ಲಿ ಬಾಟಲಿ ಇಟ್ಟ. 'ರಕ್ತವನ್ನು ಯಾರು ಮುಟ್ಟುತ್ತಾರೆ?' ಎಂದುಕೊಂಡು ಮೇಲೆ ಬಂದ.

ಬೇರೆ ಯಾವ ದೇಶದಲ್ಲಾದರೂ ಈ ಮಾತು ಸರಿ. ನಮ್ಮ ಬೆಟ್ಟದ ಊರುಗಳಲ್ಲಿ ಹುಟ್ಟಿ ಬೆಳೆದವನು ಹೀಗೆಂದುಕೊಂಡರೆ ಅವನ ತಲೆಯಲ್ಲಿ ಏನಿದೆ ಎಂದು ಕೇಳಬೇಕಾಗುತ್ತದೆ.

ಅವನು ಮೇಲೆ ಬೆಂಚು ಒರೆಸಿ, ಟ್ಯೂಬು ಬೇಯಿಸಿ, ಹಿಮದ ಪೆಟ್ಟಿಗೆಯಲ್ಲಿ ಮಲಗಿದ್ದ ಕ್ರಿಮಿಯನ್ನು ಎಬ್ಬಿಸಿ ಸಿದ್ಧಮಾಡಿಟ್ಟು ರಕ್ತ ತರಲು ಕೆಳಗಿಳಿದಾಗ, ಮೆಟ್ಟಿಲ ಮೇಲೆಯೇ ಘಮಘಮ ಬಂತು. ಈರುಳ್ಳಿ, ಓರೆಗಾನೊ ಸೊಪ್ಪು, ಬೆಣ್ಣೆ. ಬಾಯಲ್ಲಿ ನೀರೂರಿತು. ಆಮೇಲೆ ಬಾಟಲಿ ನೆನಪಾಗಿ ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ.

ದೋನ್ಯಾ ಮೆಚೆ ದೊಡ್ಡ ಪಾತ್ರೆಯಲ್ಲಿ ಯಾವಾರ್ಲೋಕ್ರೊ ಕುದಿಸುತ್ತಿದ್ದಳು. ಆಲೂಗಡ್ಡೆ, ಕುರಿಯ ಕರುಳು ಹಾಕಿದ ಗಟ್ಟಿ ಸಾರು. ಬಟ್ಟಲಿಗೆ ಬಡಿಸಿದ ಮೇಲೆ ಹುರಿದ ರಕ್ತವನ್ನು ಪುಡಿಪುಡಿಯಾಗಿ ಉದುರಿಸಬೇಕು, ಇಲ್ಲದಿದ್ದರೆ ಅದಕ್ಕೆ ಆ ಹೆಸರೇ ಇಲ್ಲ. ಪಕ್ಕದ ಬಾಣಲೆಯಲ್ಲಿ ಅಬ್ದೋನನ ಕಾಯಂ ನೌಕರಿ ಈರುಳ್ಳಿಯ ಜೊತೆ ಚುರುಗುಟ್ಟುತ್ತಿತ್ತು.

"ದೋನ್ಯಾ ಮೆಚೆ, ಫ್ರಿಜ್ಜಲ್ಲಿ ಒಂದು ಬಾಟ್ಲಿ..."

"ಓ, ನೀನು ತಂದಿದ್ದಾ? ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ! ಕಿತೊದವ್ರು ಬರ್ತಾರೆ, ಯಾವಾರ್ಲೋಕ್ರೊ ಮಾಡು ಅಂತ ಡೀನ್ ಹೇಳಿದ್ರು. ಆ ಮಾಂಸದಂಗಡಿ ಕತ್ತೆ ಕರುಳು ಕಳಿಸಿ ರಕ್ತ ಮರೆತಿದ್ದಾನೆ. ಫ್ರಿಜ್ಜು ತೆಗೀತೀನಿ, ಎದುರಿಗೇ ಕೂತಿದೆ! ಎಂಥಾ ರಕ್ತ ಅಂತೀಯ, ಒಂದು ಹೆಪ್ಪಿಲ್ಲ, ಕಸ ಇಲ್ಲ. ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ."

"ಅದು ಕ್ರಿಮಿಗಳಿಗೆ ತಂದಿದ್ದು!"

ದೋನ್ಯಾ ಮೆಚೆಯ ಸೌಟು ನಿಂತಿತು. "ಕ್ರಿಮಿಗೆ ಕುರಿ ರಕ್ತವಾ? ಇಲ್ಲಿ ಬಾಣಂತಿಯರಿಗೆ ಸಿಗಲ್ಲ, ಕ್ರಿಮಿಗೆ ಔತಣ!"

"ಅವಕ್ಕೆ ಕಬ್ಬಿಣ ಬೇಕು."

"ಹಳೇ ಮೊಳೆ ಹಾಕು."

"ಅಯ್ಯೋ, ಹಾಗಲ್ಲ." ಅಬ್ದೋನ್ ತಲೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದ. ಡಾಕ್ಟರ್ ಸೊರಾಯ್ದ ಪ್ರತಿವರ್ಷ ಹುಡುಗರಿಗೆ ಹೇಳುವ ಪಾಠ ಅವನಿಗೆ ಬಾಯಿಪಾಠವಾಗಿತ್ತು. "ನಮ್ಮ ಮೈಯಲ್ಲಿ ಕಬ್ಬಿಣ ಬೀದಿಯಲ್ಲಿ ಬಿದ್ದಿರಲ್ಲ ದೋನ್ಯಾ. ಬೀಗ ಹಾಕಿಟ್ಟಿರುತ್ತೆ. ರಕ್ತದಲ್ಲಿ ಹೀಮೋಗ್ಲೋಬಿನ್ ಅಂತ ಪೆಟ್ಟಿಗೆ, ಅದರೊಳಗೆ ಹೀಮ್ ಅಂತ ಒಂದು ತಟ್ಟೆ, ತಟ್ಟೆ ನಡುವೆ ಕಬ್ಬಿಣ. ಈ ಒಸಡಿನ ಕ್ರಿಮಿಗೆ ಆ ತಟ್ಟೆ ಬೇಕೇ ಬೇಕು. ಅದಕ್ಕೆ ಒಸಡು ಕೆರೆದು ರಕ್ತ ಬರಿಸುತ್ತೆ. ಆಮೇಲೆ ತನ್ನ ಕತ್ತರಿ ಹೊರಗೆ ಬಿಡುತ್ತೆ. ಕತ್ತರಿ ಬಿದ್ದ ಪೆಟ್ಟಿಗೆ ಕೆಟ್ಟು ಕಾಫಿ ಬಣ್ಣ ಆಗುತ್ತೆ, ತಟ್ಟೆ ಸಡಿಲ ಆಗುತ್ತೆ. ಆಗ ಜೇಬುಗಳ್ಳನ ಹಾಗೆ ಒಂದು ಪ್ರೋಟೀನು ಬಂದು ಅದನ್ನ ಎಗರಿಸಿ, ಬಾಗಿಲಲ್ಲಿ ನಿಂತಿರೋ ಇನ್ನೊಂದರ ಕೈಗೆ ಕೊಡುತ್ತೆ. ಅದು ಒಳಗೆ ಎಳ್ಕೊಳುತ್ತೆ. ಮಿಕ್ಕಿದ್ದನ್ನ ಮೈಮೇಲೆ ಕರೀ ಕೋಟಿನ ಹಾಗೆ ಹೊದ್ಕೊಂಡು ಕೂರುತ್ತೆ."

"ಆ ತಟ್ಟೆನ ತಾನೇ ಮಾಡ್ಕೊಳೋಕೆ ಬರಲ್ವಾ?"

"ಬರಲ್ಲ."

"ಥೇಟ್ ನನ್ನ ಮೈದುನ! ದುಡಿಯೋಕೆ ಬರಲ್ಲ, ಯಾರ ಮನೆ ಪೆಟ್ಟಿಗೆ ಎಲ್ಲಿದೆ ಅಂತ ಮಾತ್ರ ಗೊತ್ತು." ದೋನ್ಯಾ ಮೆಚೆ ಬಾಣಲೆ ಒಮ್ಮೆ ಮಗುಚಿ, ಅಬ್ದೋನನ ಮುಖ ನೋಡಿದಳು. ಅವಳಿಗೆ ಕನಿಕರ ಬಂದರೂ ಅದು ಬೈಗುಳವಾಗಿಯೇ ಹೊರಬರುತ್ತಿತ್ತು. "ಅಳ್ತಾ ಕೂತ್ರೆ ರಕ್ತ ಬರುತ್ತಾ ದಂಡಪಿಂಡ? ಹಿಂದುಗಡೆ ಹುಲ್ಲಲ್ಲಿ ನಿನ್ನ ಕೊಮಾದ್ರೆ ಅಸುಂತ ಕುರಿ ಮೇಯಿಸ್ತಿದ್ದಾಳೆ. ಜೀವಂತ ಕುರಿಯೊಳಗೂ ರಕ್ತ ಇರುತ್ತೆ ಅಂತ ನಿನ್ನ ಕಾಲೇಜಲ್ಲಿ ಹೇಳ್ಕೊಟ್ಟಿಲ್ವಾ? ಕಿತೊದವ್ರನ್ನ ನಾನು ಹಿಡಿದಿಟ್ಕೋತೀನಿ. ನನ್ನ ಯಾವಾರ್ಲೋಕ್ರೊ ಒಂದೇ ಬಟ್ಟಲಿಗೆ ಸಾಕು ಅಂದವನು ಇನ್ನೂ ಹುಟ್ಟಿಲ್ಲ."

ಅಸುಂತಳ ಮೊಮ್ಮಗಳ ಜ್ಞಾನಸ್ನಾನಕ್ಕೆ ಅಬ್ದೋನ್ ಧರ್ಮತಂದೆಯಾಗಿ ನಿಂತಿದ್ದರಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಈ ಸಂಬಂಧದಲ್ಲಿ ಇಲ್ಲವೆನ್ನುವಂತಿಲ್ಲ. ಆದರೆ ಚೌಕಾಸಿ ಮಾಡಬಹುದು.

"ರಕ್ತ ತಗೋ ಕೊಂಪಾದ್ರೆ, ಯಾರು ಬೇಡ ಅಂದ್ರು?" ಬಿಳಿ ಟೋಪಿಯನ್ನು ಹಿಂದಕ್ಕೆ ತಳ್ಳಿ ಅಸುಂತ ಹೇಳಿದಳು. "ಆದ್ರೆ ಇವಳ ಹಲ್ಲು ಸರಿ ಮಾಡಿಸ್ಕೊಡು."

"ಕುರಿ ಹಲ್ಲಾ?"

"ಶನಿವಾರ ಸಂತೆಗೆ ಹೊಡ್ಕೊಂಡು ಹೋಗ್ತೀನಿ, ಬಂದವನು ಮೊದಲು ಬಾಯಿ ತೆಗೆದು ನೋಡ್ತಾನೆ. 'ಹಲ್ಲು ಅಲ್ಲಾಡ್ತವೆ, ಮುದುಕಿ' ಅಂತಾನೆ. ಮುದುಕಿ ಅಲ್ಲ ಇವಳು! ಒಸಡು ಕೆಟ್ಟಿದೆ ಅಷ್ಟೆ." ಅಸುಂತ ಕುರಿಯ ತುಟಿ ಸರಿಸಿ ತೋರಿಸಿದಳು. ಆಮೇಲೆ ಅಬ್ದೋನನ ಬಾಯಿಯತ್ತ ನೋಡಿದಳು. "ನಿನ್ನ ಹಾಗೇ."

"ನಮ್ಮಲ್ಲಿ ಮನುಷ್ಯರಿಗೆ ಮಾತ್ರ ಕೊಮಾದ್ರೆ."

"ಹಾಗಾದ್ರೆ ಮನುಷ್ಯರ ರಕ್ತ ತಗೋ."

ಅಬ್ದೋನ್ ಕುರಿಯ ಹಗ್ಗ ಹಿಡಿದ.

ಬಾಗಿಲಲ್ಲಿ ಕಾವಲುಗಾರ ದೋನ್ ತೆಲ್ಮೊ ನಿಂತಿದ್ದ. ಈ ಕುರಿಯನ್ನು ಕಾಲೇಜಿನ ಹುಲ್ಲಿನಿಂದ ದಿನಾ ಓಡಿಸುವುದೇ ಅವನ ಬದುಕಿನ ಮುಖ್ಯ ಕರ್ತವ್ಯವಾಗಿತ್ತು. ಇವತ್ತು ಶತ್ರುವೇ ಬಾಗಿಲಿಗೆ ಬಂದಿದ್ದನ್ನು ಕಂಡು ಅವನ ಮೀಸೆ ನೆಟ್ಟಗಾಯಿತು.

"ಇದೆಲ್ಲಿಗೆ?"

"ಕ್ಲಿನಿಕ್ಕಿಗೆ. ರೋಗಿ."

"ರೋಗಿಯ ಹೆಸರು?"

ಅಸುಂತಳಿಗೆ ಸಿಟ್ಟು ಬಂತು. "ಕುರಿಗೆ ಯಾರು ಹೆಸರಿಡ್ತಾರೋ? ಹೆಸರಿಟ್ರೆ ಆಮೇಲೆ ತಿನ್ನೋಕಾಗುತ್ತಾ?"

"ಹೆಸರಿಲ್ದೆ ಒಳಗೆ ಬಿಡಲ್ಲ."

"ಬರ್ಕೋ ಹಾಗಾದ್ರೆ, ತೆಲ್ಮಾ ಅಂತ. ನಿನ್ನ ಅತ್ತಿಗೆ ಹೆಸರು ಅದೇ ಅಲ್ವಾ? ಮುಖವೂ ಹಾಗೇ ಇದೆ."

ದೋನ್ ತೆಲ್ಮೊ ಅತ್ತಿಗೆಯ ಮುಖ ನೆನಪಿಸಿಕೊಳ್ಳುವಷ್ಟರಲ್ಲಿ ಮೂವರೂ ಒಳಗಿದ್ದರು. ಅವನು ತಿರುಗಿ ನೋಡಿದಾಗ ನೆಲದ ಮೇಲೆ ಕುರಿ ಬಿಟ್ಟುಹೋದ ಕರಿಯ ಗುಳಿಗೆಗಳ ಸಾಲು ಮಾತ್ರ ಕಂಡಿತು.

ಊಟದ ಹೊತ್ತಾದ್ದರಿಂದ ಕ್ಲಿನಿಕ್ಕಿನಲ್ಲಿ ಕೊನೆಯ ವರ್ಷದ ಹುಡುಗಿ ಯಾದಿರ ಒಬ್ಬಳೇ ಇದ್ದಳು. ಹಲ್ಲಿನ ಕಾಲೇಜಿನ ಹುಡುಗರ ಕಷ್ಟ ಹೊರಗಿನವರಿಗೆ ಗೊತ್ತಿಲ್ಲ. ಪರೀಕ್ಷೆಗೆ ಕೂರಬೇಕಾದರೆ ಅವರವರ ರೋಗಿಯನ್ನು ಅವರವರೇ ಹಿಡಿದು ತರಬೇಕು. ಚೆನ್ನಾಗಿ ಕೆಟ್ಟ ಒಸಡಿನ ರೋಗಿಗಾಗಿ ಯಾದಿರ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರ ಬಾಯಿ ನೋಡುತ್ತಾ ವಾರಗಟ್ಟಲೆ ಅಲೆದಿದ್ದಳು. ಅಬ್ದೋನನ ಬಾಯಿ ನೋಡಿದಾಗಲೆಲ್ಲ ಅವಳ ಕೈ ತುರಿಸುತ್ತಿತ್ತು, ಆದರೆ ನಿಯಮ ಅಡ್ಡ ಬರುತ್ತಿತ್ತು.

ಅವಳು ಕುರಿಯ ಬಾಯೊಳಗೆ ಕನ್ನಡಿ ಹಿಡಿದು ನೋಡಿದಳು. "ಎಂಥಾ ಕಿಟ್ಟ! ಎಷ್ಟು ಆಳ! ದೋನ್ ಅಬ್ದೋನ್, ಇವಳು ಹೊರಗಿನವಳೇ ತಾನೆ? ಗುತ್ತಿಗೆಯವಳಲ್ಲ?"

"ಅಲ್ಲ."

"ಹಾಗಾದ್ರೆ ನಿಯಮದಲ್ಲಿ ಏನೂ ತೊಂದ್ರೆ ಇಲ್ಲ. ಕೂರಿಸಿ."

ಉಣ್ಣೆ ಕತ್ತರಿಸುವವರಿಗೆ ಗೊತ್ತಿರುವ ಒಂದು ಉಪಾಯವಿದೆ. ಕುರಿಯನ್ನು ಹಿಂಭಾಗದ ಮೇಲೆ ಕೂರಿಸಿ ಬೆನ್ನು ಹಿಂದಕ್ಕೆ ಒರಗಿಸಿದರೆ ಅದು ಊಟ ಮುಗಿಸಿದ ಮೇಯರನ ಹಾಗೆ ಸುಮ್ಮನಾಗಿಬಿಡುತ್ತದೆ. ಹಲ್ಲಿನ ಡಾಕ್ಟರ ಕುರ್ಚಿ ಇದಕ್ಕಾಗಿಯೇ ಮಾಡಿದಂತಿತ್ತು. ಅಸುಂತ ಎತ್ತಿ ಕೂರಿಸಿದಳು. ಯಾದಿರ ಕುತ್ತಿಗೆಗೆ ನೀಲಿ ಬಟ್ಟೆ ಕಟ್ಟಿದಳು. ಯಂತ್ರ ಜುಯ್ ಎಂದಿತು. ಅಬ್ದೋನ್ ನಾಲ್ಕು ವರ್ಷದಿಂದ ಕನಸು ಕಂಡಿದ್ದ ಕುರ್ಚಿಯಲ್ಲಿ ಕುರಿ ಕಾಲು ಚಾಚಿ, ಕಣ್ಣು ಅರೆಮುಚ್ಚಿ, ಬಾಯಿ ತೆರೆದು ಮಲಗಿತ್ತು.

ಅವನಿಗೆ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಕುತ್ತಿಗೆಯ ನರ ಹುಡುಕಿ ಸೂಜಿ ಚುಚ್ಚಿದ. ಹಳ್ಳಿಯಲ್ಲಿ ಕುರಿಗಳಿಗೆ ಚುಚ್ಚುಮದ್ದು ಹಾಕಿ ಪಳಗಿದ ಕೈ. ದೊಡ್ಡ ಸಿರಿಂಜಿನ ತುಂಬ ರಕ್ತ ಬಂತು.

ಅಲ್ಲಿಗೆ ಎಲ್ಲ ಸರಿಯಾಗಿತ್ತು. ಅಬ್ದೋನ್ ಬಗ್ಗಿ ಹತ್ತಿ ತೆಗೆದುಕೊಳ್ಳುವಾಗ ಅವನ ಕೋಟಿನ ಜೇಬು ಕುರಿಯ ಮೂತಿಗೆ ತಾಗಿತು. ಜೇಬಿನಲ್ಲಿ ಪಿಪೆಟ್ ಎಂಬ ಗಾಜಿನ ಕೊಳವೆಗೆ ಸಿಕ್ಕಿಸಿ ರಕ್ತ ಹೀರುವ ಕೆಂಪು ರಬ್ಬರ್ ಬುರುಡೆ ಇತ್ತು. ಲ್ಯಾಬಿನಲ್ಲಿದ್ದದ್ದು ಅದೊಂದೇ. ಕುರಿ ಅದನ್ನು ಎಳೆದುಕೊಂಡು, ಹೊಸದಾಗಿ ಉಜ್ಜಿಸಿಕೊಂಡ ಹಲ್ಲಿನ ರುಚಿ ನೋಡಲೋ ಎಂಬಂತೆ ಕಚಕಚ ಅಗಿದು ನುಂಗಿತು.

"ಉಗಿಯೇ! ಉಗಿ!" ಅಬ್ದೋನ್ ಅದರ ಗಂಟಲು ಹಿಡಿದ.

ಕುರಿ ಎಚ್ಚೆತ್ತಿತು. ಕುರ್ಚಿಯಿಂದ ಹಾರಿ, ನೀರಿನ ಬೋಗುಣಿ ಉರುಳಿಸಿ, ಕುತ್ತಿಗೆಯ ನೀಲಿ ಬಟ್ಟೆ ಹಾರಿಸಿಕೊಂಡು ಹೊರಗೆ ಓಡಿತು. ಹೊರಗೆ ಕಾಯುತ್ತಿದ್ದ ಮುದುಕರೊಬ್ಬರು ಅದನ್ನು ನೋಡಿ, ತಮ್ಮ ಸರದಿಯ ಚೀಟಿಯನ್ನು ಬೆಂಚಿನ ಮೇಲಿಟ್ಟು ಮನೆಗೆ ಹೋದರು. ದೋನ್ ತೆಲ್ಮೊ "ತೆಲ್ಮಾ! ತೆಲ್ಮಾ!" ಎಂದು ಕೂಗುತ್ತಾ ಅಟ್ಟಿಸಿಕೊಂಡು ಹೋದ. ಅಸುಂತ ಅವನ ಹಿಂದೆ ಹೋದಳು. ಯಾದಿರ "ಇನ್ನೂ ಎಡಗಡೆ ಬಾಕಿ ಇದೆ!" ಎಂದು ಅವಳ ಹಿಂದೆ ಹೋದಳು.

ಅಬ್ದೋನ್ ಸಿರಿಂಜನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದ. ಕ್ಯಾಂಟೀನಿನ ಬಾಗಿಲು ದಾಟುವಾಗ ಒಳಗಿನಿಂದ ಗಂಭೀರವಾದ ದನಿ ಕೇಳಿಸಿತು: "ಸೆನ್ಯೋರಾ, ಇನ್ನೊಂದು ಬಟ್ಟಲು. ರಕ್ತ ಸ್ವಲ್ಪ ಧಾರಾಳವಾಗಿರ್ಲಿ."

ಮೇಲೆ ಬಂದವನೇ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. 'ಎ' ಟ್ಯೂಬಿನಲ್ಲಿ ಡಾಕ್ಟರ್ ಸೊರಾಯ್ದ ಅವರ ಕ್ರಿಮಿ. ವಿದೇಶದಿಂದ ಹಿಮದ ಪೆಟ್ಟಿಗೆಯಲ್ಲಿಟ್ಟು, ವಿಮಾನದಲ್ಲಿ ಕೂರಿಸಿ ತರಿಸಿದ್ದು. ಅದಕ್ಕೆ ಸಿರಿಂಜಿನಿಂದಲೇ ರಕ್ತ ಬಿಟ್ಟ. ಚೆನ್ನಾಗಿ ಇಳಿಯಿತು. 'ಬಿ' ಟ್ಯೂಬಿಗೆ ಕ್ರಿಮಿ ಇಲ್ಲ, ಬರೀ ರಕ್ತ. ಅದಕ್ಕೆ ಬಿಡಹೋದರೆ ಸಿರಿಂಜಿನ ಬಾಯಿಗೆ ಹೆಪ್ಪು ಕಟ್ಟಿತು. ಒತ್ತಿದರೆ ಬರಲಿಲ್ಲ, ಇನ್ನೂ ಒತ್ತಿದರೆ ಬಂದು ಗೋಡೆಗೆ ಹಾರಿತು. ಉಳಿದದ್ದನ್ನು ಬಟ್ಟಲಿಗೆ ಸುರಿದು, ಮಣಿ ಹಾಕಿ ಕುಲುಕಿಸಿ, ಪಿಪೆಟ್ ತೆಗೆದುಕೊಂಡು ಜೇಬಿಗೆ ಕೈ ಹಾಕಿದ. ಬುರುಡೆ ಕುರಿಯ ಹೊಟ್ಟೆಯಲ್ಲಿತ್ತು.

ಹಳೆಯ ಕಾಲದವರು ಏನು ಮಾಡುತ್ತಿದ್ದರೋ ಅದನ್ನೇ ಅವನೂ ಮಾಡಿದ. ಗಾಜಿನ ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಹೀರಿದ. ರಕ್ತ ಮೇಲೇರಿತು. ಓಡಿ ಬಂದಿದ್ದರಿಂದ ಉಬ್ಬಸ, ಉಬ್ಬಸಕ್ಕೆ ಕೆಮ್ಮು ಬಂತು. ಕೆಮ್ಮಿಗೆ ಅವನ ಒಸಡಿನಿಂದ ಒಂದಿಷ್ಟು ಕೆಂಪು ಎಂಜಲು ಕೊಳವೆಯೊಳಗೆ ಜಾರಿ, ಕುರಿಯ ರಕ್ತದ ಜೊತೆ 'ಬಿ' ಟ್ಯೂಬಿಗೆ ಇಳಿಯಿತು.

ಅಬ್ದೋನ್ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದ. ಕೆಂಪಿನಲ್ಲಿ ಕೆಂಪು, ಏನೂ ಗೊತ್ತಾಗುತ್ತಿರಲಿಲ್ಲ. 'ರಕ್ತಕ್ಕೆ ರಕ್ತ ಸೇರಿತು, ಅಷ್ಟೇ ತಾನೆ' ಎಂದುಕೊಂಡು ಎರಡನ್ನೂ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ.

ದೋನ್ಯಾ ಮೆಚೆ ಮಾತು ಉಳಿಸಿಕೊಂಡಳು. ಸಾರಿನ ಮೇಲೆ ಸಾರು, ಅದರ ಮೇಲೆ ಅಂಜೂರದ ಸಿಹಿ ಮತ್ತು ಗಿಣ್ಣು, ಅದರ ಮೇಲೆ ಡೀನರ ಭಾಷಣ. ಡೀನರು ಮಾತಾಡಲು ನಿಂತರೆ ಗೋಡೆಯ ಸುಣ್ಣ ಉದುರುವವರೆಗೂ ಕೂರುವುದಿಲ್ಲ. ಸಮಿತಿಯವರು ಮೇಲೆ ಬರುವಷ್ಟರಲ್ಲಿ ಬೆಟ್ಟದ ತುದಿಯ ಬಿಸಿಲು ಹಳದಿಯಾಗಿತ್ತು.

ಸಮಿತಿಯ ಅಧ್ಯಕ್ಷ ಡಾಕ್ಟರ್ ಬಲ್ತಸಾರ್ ಮುಂದಿದ್ದರು. ಬಡಕಲು ಮನುಷ್ಯ, ಬಾಣದ ಹಾಗೆ ನೆಟ್ಟಗೆ. ದೇಶದ ಅರ್ಧ ಜನರ ಒಸಡನ್ನು ನೋಡಿ ಬೇಸರ ಬಂದ ಮುಖ. ಮೀಸೆಯ ಅಂಚಿನಲ್ಲಿ ಹುರಿದ ರಕ್ತದ ಒಂದು ಪುಡಿ ಅಂಟಿಕೊಂಡಿತ್ತು. ಅಬ್ದೋನನಿಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

ಡಾಕ್ಟರ್ ಸೊರಾಯ್ದ ಪಾಠ ಒಪ್ಪಿಸಿದರು. ಪೆಟ್ಟಿಗೆ, ಕತ್ತರಿ, ಕಾಫಿ ಬಣ್ಣ. "ಈಗ ಕಣ್ಣಾರೆ ನೋಡಿ. ಅಬ್ದೋನ್, ತಗೊಂಡು ಬಾ."

ಅವನು ಬೆಚ್ಚಗಿನ ಪೆಟ್ಟಿಗೆ ತೆಗೆದ. ತೆಗೆದವನು ತಿರುಗಲಿಲ್ಲ.

"ಅಬ್ದೋನ್!"

ತಿರುಗಲೇಬೇಕಾಯಿತು. ಕ್ರಿಮಿ ಹಾಕಿದ 'ಎ' ಟ್ಯೂಬು ಒಳಗಿಟ್ಟಾಗ ಹೇಗಿತ್ತೋ ಹಾಗೇ, ಬಹಳವೆಂದರೆ ಹಳೆಯ ಇಟ್ಟಿಗೆಯಷ್ಟು ಮಂಕಾಗಿತ್ತು. ಕ್ರಿಮಿ ಹಾಕದ 'ಬಿ' ಟ್ಯೂಬು ಹಾಲಿಲ್ಲದ ಗಟ್ಟಿ ಕಾಫಿಯಾಗಿತ್ತು.

ಕೆಳಗೆ ಎಲ್ಲೋ ದೋನ್ ತೆಲ್ಮೊ ಇನ್ನೂ "ತೆಲ್ಮಾ!" ಎನ್ನುತ್ತಿದ್ದ.

"ಅದಲುಬದಲು ಮಾಡಿದ್ದಾನೆ," ಡಾಕ್ಟರ್ ಸೊರಾಯ್ದ ನಕ್ಕರು. ನಗು ತುಟಿಯ ಮೇಲಿತ್ತು, ಕಣ್ಣು ಸೋಮವಾರದ ಮಾತನ್ನು ನೆನಪಿಸುತ್ತಿತ್ತು. "ಚೀಟಿ ಅಂಟಿಸೋಕೂ ಬರಲ್ಲ ಇವನಿಗೆ."

"ದೇವರಾಣೆ ಮಾಡಿಲ್ಲ ಡಾಕ್ಟ್ರೇ!"

"ಮಾಡಿಲ್ಲ ಅಂದ್ರೆ ಕ್ರಿಮಿ ಇಲ್ದಿರೋ ರಕ್ತ ಹೇಗಯ್ಯಾ ಕೆಟ್ಟಿತು?" ಡಾಕ್ಟರ್ ಬಲ್ತಸಾರ್ ಮೊದಲ ಬಾರಿಗೆ ಬಾಯಿ ಬಿಟ್ಟರು. "ಹೇಗೆ ಹಾಕಿದೆ ಇದಕ್ಕೆ?"

"ಪಿಪೆಟ್ಟಲ್ಲಿ."

"ಏನು ಸಿಕ್ಕಿಸಿ ಹೀರಿದೆ?"

ಅಬ್ದೋನ್ ನೆಲ ನೋಡಿದ. "ಬಾಯಲ್ಲಿ."

ಸಮಿತಿಯ ಹೆಂಗಸೊಬ್ಬರು ಕರ್ಚೀಫು ಮೂಗಿಗೆ ಹಿಡಿದರು.

"ಬಾಯಲ್ಲಾ! ರಬ್ಬರ್ ಬುರುಡೆ ಎಲ್ಲಿ?"

"ಕುರಿ ತಿಂತು ಸ್ವಾಮಿ."

"ಯಾವ ಕುರಿ?"

"ಈ ರಕ್ತದ ಕುರಿ. ಹಲ್ಲು ಉಜ್ಜಿಸ್ಕೊಳೋಕೆ ಬಂದಿತ್ತಲ್ಲ, ಅದು."

ಡಾಕ್ಟರ್ ಸೊರಾಯ್ದ ಮೇಜು ಹಿಡಿದುಕೊಂಡರು. ಡಾಕ್ಟರ್ ಬಲ್ತಸಾರ್ ಮಾತ್ರ ಬಿಡಲಿಲ್ಲ. "ಕಸಾಯಿಖಾನೆಯಿಂದ ಶುದ್ಧವಾದ ರಕ್ತ ತರ್ತೀವಿ ಅಂತ ನೀವೇ ಹೇಳಿದ್ರಿ. ಅದೇನಾಯ್ತು?"

ಸುಳ್ಳು ಹೇಳಲು ಅಬ್ದೋನನಲ್ಲಿ ಶಕ್ತಿ ಉಳಿದಿರಲಿಲ್ಲ. "ಅದನ್ನ... ತಾವು... ಎರಡನೇ ಬಟ್ಟಲಿಗೆ ಸ್ವಲ್ಪ ಧಾರಾಳವಾಗಿರ್ಲಿ ಅಂದ್ರಲ್ಲ..."

ಡಾಕ್ಟರ್ ಬಲ್ತಸಾರರ ಕೈ ತಾನಾಗಿಯೇ ಮೀಸೆಗೆ ಹೋಯಿತು. ಪುಡಿ ಸಿಕ್ಕಿತು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಒಂದು ಕ್ಷಣ ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡು ಅಗಿದರು.

"ಬಾಯಿ ತೆಗಿ," ಎಂದರು.

"ಸ್ವಾಮಿ?"

"ಬಾಯಿ ತೆಗಿಯೋ!"

ಅಬ್ದೋನ್ ತೆಗೆದ. ಅವರು ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಒಳಗೆ ಬಿಟ್ಟರು. ಎಡಗಡೆ ನೋಡಿದರು, ಬಲಗಡೆ ನೋಡಿದರು, ಬೆರಳಿನಿಂದ ಕೆಳಗಿನ ಹಲ್ಲು ಅಲ್ಲಾಡಿಸಿದರು. ಬೇಸರದ ಆ ಮುಖ ಮೆಲ್ಲಗೆ ಬೆಳಗಿತು, ಬಲಿಪೀಠದ ಮುಂದೆ ಮೊಂಬತ್ತಿ ಹಚ್ಚಿದ ಹಾಗೆ.

"ಡಾಕ್ಟರ್ ಸೊರಾಯ್ದ, ಇಲ್ಲಿ ಬನ್ನಿ. ನೀವು ವಿಮಾನದಲ್ಲಿ ಕೂರಿಸಿ ತರಿಸಿದ ಕ್ರಿಮಿ ಇದೆಯಲ್ಲ, ಅದಿನ್ನೂ ಆಕಳಿಸ್ತಾ ಕೂತಿದೆ. ಇವನ ಬಾಯಲ್ಲಿರೋವು ಒಂದು ಊಟ ಮುಗಿಯೋದ್ರೊಳಗೆ ಇಡೀ ಟ್ಯೂಬನ್ನ ದೋಚಿವೆ! ಮೂವತ್ತು ವರ್ಷದಲ್ಲಿ ಇಂಥಾ ಕಳ್ಳರನ್ನ ನೋಡಿಲ್ಲ ನಾನು."

"ಹೌದಲ್ವಾ," ಡಾಕ್ಟರ್ ಸೊರಾಯ್ದ ಬಗ್ಗಿ ನೋಡಿದರು. ನಾಲ್ಕು ವರ್ಷದಲ್ಲಿ ಅವರು ಅಬ್ದೋನನ ಬಾಯೊಳಗೆ ನೋಡಿದ್ದು ಅದೇ ಮೊದಲು. "ಅಬ್ದೋನ್! ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

"ಪ್ರತಿ ತಿಂಗ್ಳೂ ಹೇಳ್ದೆ ಡಾಕ್ಟ್ರೇ," ಎಂದ ಅಬ್ದೋನ್. ಬಾಯಿ ತೆರೆದಿದ್ದರಿಂದ ಯಾರಿಗೂ ಅರ್ಥವಾಗಲಿಲ್ಲ.

"ಪರದೇಶದ ಕ್ರಿಮಿ ಯಾಕ್ರೀ ಬೇಕು ನಮಗೆ?" ಡಾಕ್ಟರ್ ಬಲ್ತಸಾರರ ದನಿ ಏರಿತು. "ಇದು ನಮ್ಮ ಬೆಟ್ಟದ್ದು, ನಮ್ಮ ನೀರು ಗಾಳಿಯದ್ದು! ಯೋಜನೆ ಒಪ್ಪಿಗೆ. ಆದ್ರೆ ಇದೇ ಕ್ರಿಮಿ ಮೇಲೆ ನಡೀಬೇಕು. ಮತ್ತೆ ಈ ಮನುಷ್ಯ ಇನ್ನೆಲ್ಲಿಗೂ ಹೋಗೋ ಹಾಗಿಲ್ಲ. ಇವನು ಕಾಯಮ್ಮಾ?"

"ಇನ್ನೂ ಇಲ್ಲ..."

"ಹಾಗಾದ್ರೆ ಇವತ್ತೇ ಮಾಡಿ. ಈಗಲೇ."

ಡೀನರನ್ನು ಕರೆಸಿದರು. ಸಹಿ ಬಿತ್ತು, ಮೊಹರು ಬಿತ್ತು. ಡೀನರು ಭಾಷಣ ಮಾಡಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಬ್ದೋನ್ ಆದೇಶದ ಕಾಗದ ಕಿತ್ತುಕೊಂಡು, ಸಿಕ್ಕಸಿಕ್ಕವರ ಕೈಗೆ ಮುತ್ತಿಟ್ಟು, ಮೆಟ್ಟಿಲುಗಳನ್ನು ಜಿಗಿಯುತ್ತಾ ಕೆಳಗೋಡಿದ. ಕಾಯಂ! ಹುರಿದ ಹಂದಿಯ ಗರಿಗರಿ ಚರ್ಮ, ಹುರಿದ ಜೋಳ, ಸುಟ್ಟ ತೆನೆ, ಎಲ್ಲವೂ ಅವನ ಕಣ್ಣ ಮುಂದೆ ಸಾಲಾಗಿ ನಿಂತು ಕರೆದವು.

ಕ್ಲಿನಿಕ್ಕಿನಲ್ಲಿ ಯಾದಿರ ನೆಲ ಒರೆಸುತ್ತಿದ್ದಳು. ಬಾಗಿಲ ಬಳಿ ದೋನ್ ತೆಲ್ಮೊ ಒಂದು ಹಲಗೆಯ ಮೇಲೆ ಬಣ್ಣದಲ್ಲಿ ಏನೋ ಬರೆಯುತ್ತಿದ್ದ. ಅವನ ಪ್ಯಾಂಟು ಮೊಣಕಾಲಲ್ಲಿ ಹರಿದಿತ್ತು.

"ಕಾಯಂ ಆದೆ ಮಗಳೇ! ಈಗ ನಾನು ಒಳಗಿನವನು!"

ಯಾದಿರ ಕಾಗದ ನೋಡಿ ಚಪ್ಪಾಳೆ ತಟ್ಟಿದಳು. "ಕೊನೆಗೂ ಕೈಗೆ ಸಿಕ್ಕಿದ್ರಿ! ಬನ್ನಿ, ಕೂತ್ಕೊಳಿ. ಕುರಿದು ಎಡಗಡೆ ಬಾಕಿ ಉಳೀತು, ನಿಮ್ಮದು ಎರಡೂ ಕಡೆ ಮುಗಿಸ್ತೀನಿ."

ಅಬ್ದೋನ್ ಕುರ್ಚಿಯಲ್ಲಿ ಒರಗಿದ. ನೀಲಿ ಬಟ್ಟೆ ಕಟ್ಟಿಸಿಕೊಂಡ. ಮೇಲಿನ ದೀಪ ಹತ್ತಿತು. ಅವನು ಕಣ್ಣು ಮುಚ್ಚಿ ಬಾಯಿ ತೆರೆದ. ಯಂತ್ರ ಜುಯ್ ಎಂದಿತು. ಆಗ ಗೋಡೆಯ ಫೋನು ಹೊಡೆದುಕೊಂಡಿತು.

ಯಾದಿರ ಎತ್ತಿಕೊಂಡಳು. "ಹೇಳಿ ಡಾಕ್ಟರ್ ಸೊರಾಯ್ದ... ಹೌದು, ಇಲ್ಲೇ ಇದ್ದಾರೆ... ಇಲ್ಲ, ಇನ್ನೂ ಮುಟ್ಟಿಲ್ಲ... ಓ... ಹೌದಾ... ಪೇಸ್ಟೂ ಬೇಡ್ವಾ?... ಉಪ್ಪುನೀರೂ?... ಸರಿ ಡಾಕ್ಟ್ರೇ."

ಯಂತ್ರ ನಿಂತಿತು. ದೀಪ ಆರಿತು.

"ಏನಂತೆ ಮಗಳೇ?"

"ನಿಮ್ಮ ಒಸಡಿಗೆ ಯಾರೂ ಕೈ ಹಚ್ಚೋ ಹಾಗಿಲ್ವಂತೆ ದೋನ್ ಅಬ್ದೋನ್. ವಾಸಿಯಾದ್ರೆ ಕ್ರಿಮಿ ಸತ್ತು ಹೋಗುತ್ತಂತೆ, ಯೋಜನೆ ನಿಂತು ಹೋಗುತ್ತಂತೆ." ಅವಳು ನೀಲಿ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದಳು.

"ಯೋಜನೆ ಎಷ್ಟು ದಿನ?"

"ನಾನೂ ಅದನ್ನೇ ಕೇಳೋಣ ಅಂತಿದ್ದೆ, ಅವರೇ ಹೇಳಿದ್ರು." ಯಾದಿರ ಅವನ ಮುಖ ನೋಡದೆ ಹೇಳಿದಳು. "ನಿಮ್ಮ ಹಲ್ಲು ಇರೋವರೆಗೂ ನಡೆಯುತ್ತಂತೆ."

ಅಬ್ದೋನ್ ಹೊರಗೆ ಬಂದ. ದೋನ್ ತೆಲ್ಮೊ ಸ್ಟೂಲು ಹತ್ತಿ ಹಲಗೆಯನ್ನು ಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸುತ್ತಿದ್ದ. 'ಕುರಿಗಳಿಗೆ ಪ್ರವೇಶವಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಷ್ಟರಲ್ಲಿ ಅವನ ಕಿಸೆಯ ಫೋನೂ ಗುಂಯ್‌ಗುಟ್ಟಿತು. ತೆಗೆದು ಕಿವಿಗಿಟ್ಟು, "ಆಯ್ತು ಡಾಕ್ಟ್ರೇ, ಈಗಲೇ," ಎಂದ. ಫೋನು ಕಿಸೆಗೆ ಹಾಕಿ, ಬಣ್ಣದ ಕುಂಚವನ್ನು ಮತ್ತೆ ಅದ್ದಿ, ಅಬ್ದೋನನ ಕಡೆ ಒಮ್ಮೆ ನೋಡಿ, ಆ ಸಾಲಿನ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆದ:

'ಅಬ್ದೋನ್ ತೆನೆಸಾಕನಿಗೂ.'